ಸ್ವಿಚ್ ತಾನೇ ಕರೆದು ಹೇಳಲಿ: ಆರ್‌ಮಾನ್ ಬಳಸಿ ಟ್ರಾಫಿಕ್ ಮತ್ತು ಅಲಾರ್ಮ್‌ಗಳನ್ನು ದೂರದಿಂದ ಗಮನಿಸುವುದು ಹೇಗೆ

ನೆಟ್‌ವರ್ಕ್ ನಿಧಾನ ಆಗಿದೆ ಅಂತ ಫೋನ್ ಬರುತ್ತದೆ. ನೀವು ಸ್ವಿಚ್‌ಗೆ ಲಾಗಿನ್ ಆಗುವಷ್ಟರಲ್ಲಿ ಎಲ್ಲ ಸರಿಹೋಗಿರುತ್ತದೆ. ಪೋರ್ಟ್‌ನ ಕೌಂಟರ್ ತೆಗೆದು ನೋಡಿದರೆ ಒಂದು ದೊಡ್ಡ ಸಂಖ್ಯೆ ಕಾಣುತ್ತದೆ. ಆ ಎರರ್‌ಗಳು ಇವತ್ತಿನವೋ, ಆರು ತಿಂಗಳ ಹಿಂದಿನವೋ ಹೇಳುವವರಿಲ್ಲ. ಸ್ವಿಚ್‌ಗಳನ್ನು ನೋಡಿಕೊಳ್ಳುವ ಎಲ್ಲರಿಗೂ ಇದು ಗೊತ್ತಿರುವ ಪಾಡೇ, ಅಲ್ವಾ?

ಇದಕ್ಕೆ ಮದ್ದು ಬಹುತೇಕ ಮ್ಯಾನೇಜ್ಡ್ (ಲಾಗಿನ್ ಆಗಿ ನಿಯಂತ್ರಿಸಬಹುದಾದ) ಸ್ವಿಚ್‌ಗಳ ಹೊಟ್ಟೆಯಲ್ಲೇ ಇದೆ. ಅದರ ಹೆಸರು ಆರ್‌ಮಾನ್. ರಿಮೋಟ್ ಮಾನಿಟರಿಂಗ್ ಎಂಬುದರ ಚಿಕ್ಕ ರೂಪ ಅದು. 1991ರಲ್ಲಿ ಆರ್‌ಎಫ್‌ಸಿ 1271 ಆಗಿ ಮೊದಲು ಬಂತು (ಆರ್‌ಎಫ್‌ಸಿ ಎಂದರೆ ಇಂಟರ್ನೆಟ್‌ನ ನಿಯಮಗಳನ್ನು ಬರೆದಿಡುವ ದಾಖಲೆ). ಈಗ ಬಳಕೆಯಲ್ಲಿರುವುದು 2000ದಲ್ಲಿ ಬಂದ ಆರ್‌ಎಫ್‌ಸಿ 2819. ಇದರ ಹಿಂದಿನ ಯೋಚನೆ ತುಂಬಾ ಸರಳ. ದೂರದ ಸರ್ವರ್ ನಿಮಿಷಕ್ಕೊಮ್ಮೆ "ಹೇಗಿದ್ದೀಯಾ" ಅಂತ ಕೇಳುತ್ತಾ ಕೂರುವ ಬದಲು, ತಂತಿಯ ಪಕ್ಕದಲ್ಲೇ ಇರುವ ಸಾಧನ ತಾನೇ ಎಣಿಸಲಿ, ತಾನೇ ಬರೆದಿಟ್ಟುಕೊಳ್ಳಲಿ, ಮಿತಿ ಮೀರಿದಾಗ ಮಾತ್ರ ಕರೆಯಲಿ.

ಈಥರ್ನೆಟ್ ಆರ್‌ಮಾನ್‌ನಲ್ಲಿ ಒಟ್ಟು ಒಂಬತ್ತು ಗುಂಪುಗಳಿವೆ. ಸ್ವಿಚ್‌ಗಳಲ್ಲಿ ಸಾಮಾನ್ಯವಾಗಿ ಸಿಗುವುದು ನಾಲ್ಕೇ: ಸ್ಟ್ಯಾಟಿಸ್ಟಿಕ್ಸ್, ಹಿಸ್ಟರಿ, ಅಲಾರ್ಮ್ ಮತ್ತು ಈವೆಂಟ್. ನಮ್ಮ ಕೆಲಸಕ್ಕೆ ಅಷ್ಟು ಸಾಕು.

ಕೆಲಸ ಶುರುಮಾಡುವ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಮೊದಲ ದಿನವೇ ಅಲಾರ್ಮ್ ಹಾಕಬೇಡಿ. ಮೊದಲು ಒಂದು ವಾರ ಹಿಸ್ಟರಿ ಓಡಲಿ. ನಿಮ್ಮ ನೆಟ್‌ವರ್ಕ್‌ಗೆ ಯಾವುದು ಸಹಜ ಎಂದು ಗೊತ್ತಾದ ಮೇಲೆ ಮಿತಿ ಬರೆಯಿರಿ. ಅಂದಾಜಿನ ಮೇಲೆ ಹಾಕಿದ ಅಲಾರ್ಮ್‌ಗಳು ದಿನಕ್ಕೆ ಐವತ್ತು ಸಲ ಕೂಗುತ್ತವೆ. ಎರಡನೇ ವಾರಕ್ಕೆ ಯಾರೂ ಅವುಗಳತ್ತ ತಿರುಗಿಯೂ ನೋಡುವುದಿಲ್ಲ.

ಹಂತ 1: ತಳಪಾಯ

ಸ್ವಿಚ್‌ನ ಗಡಿಯಾರವನ್ನು ಎನ್‌ಟಿಪಿ ಸರ್ವರ್‌ಗೆ (ಸರಿಯಾದ ಸಮಯ ಹೇಳುವ ಸರ್ವರ್) ಜೋಡಿಸಿ. ಸಮಯ ತಪ್ಪಾಗಿದ್ದರೆ ಲಾಗ್‌ನಲ್ಲಿರುವ ಅಲಾರ್ಮ್ ಅನ್ನು ಸರ್ವರ್‌ನಲ್ಲಿ ನಡೆದ ಘಟನೆಯ ಜೊತೆ ಹೊಂದಿಸಿ ನೋಡಲು ಆಗುವುದಿಲ್ಲ.

ದೂರದ ಸರ್ವರ್ ಮತ್ತು ಸ್ವಿಚ್ ಮಾತಾಡಿಕೊಳ್ಳುವ ಭಾಷೆ ಎಸ್‌ಎನ್‌ಎಂಪಿ. ಅದರ ಮೂರನೇ ಆವೃತ್ತಿಯನ್ನೇ ಬಳಸಿ. ಅದರಲ್ಲೂ ಗುರುತಿನ ಪರಿಶೀಲನೆ ಮತ್ತು ಗೂಢಲಿಪಿ ಎರಡೂ ಇರುವ ಮಟ್ಟವನ್ನು ಆರಿಸಿ. ಎರಡನೇ ಆವೃತ್ತಿಯಲ್ಲಿ ಕಮ್ಯುನಿಟಿ ಪದ, ಅಂದರೆ ಪಾಸ್‌ವರ್ಡ್‌ನಂಥದ್ದು, ತಂತಿಯ ಮೇಲೆ ಬಟ್ಟಬಯಲಾಗಿ ಹೋಗುತ್ತದೆ. ಹಳೆಯ ಸ್ವಿಚ್ ಆಗಿದ್ದು ಬೇರೆ ದಾರಿ ಇಲ್ಲದಿದ್ದರೆ, ಓದುವ ಅನುಮತಿ ಮಾತ್ರ ಕೊಡಿ. ಯಾವ ಐಪಿ ವಿಳಾಸದಿಂದ ಕೇಳಬಹುದು ಎಂಬುದಕ್ಕೂ ಬೇಲಿ ಹಾಕಿ.

ಇನ್ನು ಪೋರ್ಟ್ ಸಂಖ್ಯೆ. ಎಸ್‌ಎನ್‌ಎಂಪಿಗೆ "ಮೂರನೇ ಪೋರ್ಟ್" ಎಂದರೆ ಅರ್ಥವಾಗುವುದಿಲ್ಲ. ಪ್ರತಿ ಪೋರ್ಟ್‌ಗೂ ಅದರದ್ದೇ ಒಂದು ಇಂಟರ್‌ಫೇಸ್ ಇಂಡೆಕ್ಸ್ ಇರುತ್ತದೆ. ಓಐಡಿ ಎಂದರೆ ಸ್ವಿಚ್‌ನೊಳಗಿನ ಒಂದೊಂದು ಮಾಹಿತಿಯ ವಿಳಾಸ. 1.3.6.1.2.1.31.1.1.1.1 ಎಂಬ ಓಐಡಿಯನ್ನು ವಾಕ್ ಮಾಡಿದರೆ, ಅಂದರೆ ಅದರ ಕೆಳಗಿರುವುದನ್ನೆಲ್ಲ ಸಾಲಾಗಿ ಓದಿದರೆ, ಯಾವ ಇಂಡೆಕ್ಸ್‌ಗೆ ಯಾವ ಪೋರ್ಟ್ ಎಂಬ ಪಟ್ಟಿ ಸಿಗುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ. ಕೆಲವು ಸ್ವಿಚ್‌ಗಳಲ್ಲಿ ರೀಬೂಟ್ ಆದ ಮೇಲೆ ಅಥವಾ ಹೊಸ ಮಾಡ್ಯೂಲ್ ಹಾಕಿದ ಮೇಲೆ ಈ ಇಂಡೆಕ್ಸ್‌ಗಳು ಅದಲುಬದಲಾಗುತ್ತವೆ. ಆಗ ಅಪ್‌ಲಿಂಕ್‌ಗೆ (ಮೇಲಿನ ಮುಖ್ಯ ಸ್ವಿಚ್‌ಗೆ ಹೋಗುವ ಕೊಂಡಿ) ಹಾಕಿದ ಅಲಾರ್ಮ್ ಸದ್ದಿಲ್ಲದೆ ಪ್ರಿಂಟರ್‌ನ ಪೋರ್ಟ್ ಕಾಯಲು ಶುರುಮಾಡುತ್ತದೆ. ಇಂಡೆಕ್ಸ್ ಸ್ಥಿರವಾಗಿರಿಸುವ ಸೌಲಭ್ಯ ನಿಮ್ಮ ಸ್ವಿಚ್‌ನಲ್ಲಿದ್ದರೆ ಈಗಲೇ ಆನ್ ಮಾಡಿ.

ಹಂತ 2: ಕೌಂಟರ್‌ಗಳನ್ನು ಓದಲು ಕಲಿಯಿರಿ

ಎಲ್ಲ ಪೋರ್ಟ್‌ಗಳ ಮೇಲೂ ಕಣ್ಣಿಡುವ ಅಗತ್ಯವಿಲ್ಲ. ಅಪ್‌ಲಿಂಕ್‌ಗಳು, ಸರ್ವರ್ ಪೋರ್ಟ್‌ಗಳು, ಸ್ವಿಚ್‌ಗಳ ನಡುವಿನ ಕೊಂಡಿಗಳು, ಇಷ್ಟರಿಂದ ಶುರುಮಾಡಿ. ಸಿಸ್ಕೋ ಸ್ವಿಚ್ ಆದರೆ ಆಯಾ ಇಂಟರ್‌ಫೇಸ್‌ನ ಒಳಗೆ "ಆರ್‌ಮಾನ್ ಕಲೆಕ್ಷನ್ ಸ್ಟ್ಯಾಟ್ಸ್" ಎಂಬ ಆಜ್ಞೆಯನ್ನು ಒಂದು ಸಾಲಿನ ಸಂಖ್ಯೆಯ ಜೊತೆ ಕೊಡಬೇಕು. ವೆಬ್ ಪುಟ ಇರುವ ಸ್ವಿಚ್‌ಗಳಲ್ಲಿ ಆರ್‌ಮಾನ್ ಎಂಬ ಹೆಸರಿನ ಮೆನುವನ್ನೇ ಹುಡುಕಿ. ಇದನ್ನು ಆನ್ ಮಾಡಿದ ಮೇಲೆ 1.3.6.1.2.1.16.1.1.1 ಎಂಬ ಓಐಡಿಯ ಕೆಳಗೆ ಆ ಪೋರ್ಟ್‌ನ ಅಂಕಿಗಳು ಸಿಗುತ್ತವೆ.

ಈ ಅಂಕಿಗಳು ಏನು ಹೇಳುತ್ತವೆ ಎಂಬುದನ್ನು ಸ್ವಲ್ಪ ನಿಧಾನವಾಗಿಯೇ ನೋಡೋಣ. ಅಲಾರ್ಮ್ ಬಂದಾಗ ಎಲ್ಲಿಗೆ ಓಡಬೇಕು ಎಂದು ತಿಳಿಯುವುದು ಇವುಗಳಿಂದಲೇ.

ಸಿಆರ್‌ಸಿ ಎರರ್: ಫ್ರೇಮ್‌ನ (ತಂತಿಯ ಮೇಲೆ ಹೋಗುವ ದತ್ತಾಂಶದ ಒಂದು ತುಂಡು) ಅಳತೆ ಸರಿಯಿದೆ, ಒಳಗಿನ ಬಿಟ್‌ಗಳು ಕೆಟ್ಟಿವೆ ಎಂದರ್ಥ. ಕೇಬಲ್, ಕನೆಕ್ಟರ್, ಆಪ್ಟಿಕಲ್ ಮಾಡ್ಯೂಲ್, ಈ ಮೂರರ ಮೇಲೆ ಮೊದಲು ಅನುಮಾನ ಪಡಿ. ಒಳ್ಳೆಯ ತಂತಿಯಲ್ಲಿ ಇದು ದಿನಗಟ್ಟಲೆ ಸೊನ್ನೆಯಲ್ಲೇ ಇರುತ್ತದೆ.

ಫ್ರಾಗ್‌ಮೆಂಟ್: 64 ಬೈಟ್‌ಗಿಂತ ಚಿಕ್ಕದಾದ, ಜೊತೆಗೆ ಕೆಟ್ಟಿರುವ ಫ್ರೇಮ್. ಸಿಆರ್‌ಸಿ ಮತ್ತು ಫ್ರಾಗ್‌ಮೆಂಟ್ ಎರಡೂ ಜೊತೆಯಾಗಿ ಏರುತ್ತಿದ್ದು, ಕೊಂಡಿಯ ಇನ್ನೊಂದು ತುದಿಯಲ್ಲಿ ಲೇಟ್ ಕೊಲಿಷನ್ (ಫ್ರೇಮ್‌ಗಳ ತಡವಾದ ಡಿಕ್ಕಿ) ಕಾಣುತ್ತಿದ್ದರೆ, ಅದು ಡ್ಯೂಪ್ಲೆಕ್ಸ್ ಹೊಂದಿಕೆಯಾಗದ ಲಕ್ಷಣ: ಒಂದು ತುದಿ ಏಕಕಾಲಕ್ಕೆ ಕಳಿಸಿ ಪಡೆಯುತ್ತದೆ (ಫುಲ್), ಇನ್ನೊಂದು ಸರದಿಯಲ್ಲಿ (ಹಾಫ್). ಒಂದು ತುದಿಯಲ್ಲಿ ಫುಲ್ ಡ್ಯೂಪ್ಲೆಕ್ಸ್ ಎಂದು ಕೈಯಾರೆ ಕಟ್ಟಿಹಾಕಿ, ಇನ್ನೊಂದು ತುದಿಯನ್ನು ಆಟೋದಲ್ಲಿ ಬಿಟ್ಟಾಗ ಹೀಗಾಗುತ್ತದೆ.

ಓವರ್‌ಸೈಜ್: 1518 ಬೈಟ್ ದಾಟಿದ, ಆದರೆ ಕೆಡದ ಫ್ರೇಮ್. ಇದನ್ನು ಕಂಡ ಕೂಡಲೇ ಗಾಬರಿ ಬೇಡ. ಜಂಬೋ ಫ್ರೇಮ್ (ಬೇಕೆಂದೇ ದೊಡ್ಡದಾಗಿಸಿದ ಫ್ರೇಮ್) ಬಳಸುವ ಕಡೆ ಇದು ಸಹಜ. ಅದೇ ಅಳತೆ ದಾಟಿ ಕೆಟ್ಟೂ ಇದ್ದರೆ ಅದು ಜಾಬರ್. ಬಹಳ ಸಲ ಕೆಟ್ಟ ನೆಟ್‌ವರ್ಕ್ ಕಾರ್ಡ್ ಅದರ ಹಿಂದಿರುತ್ತದೆ.

ಡ್ರಾಪ್ ಈವೆಂಟ್ ಬಗ್ಗೆ ಎಚ್ಚರ. ಸ್ವಿಚ್ ಬೀಳಿಸಿದ ಪ್ಯಾಕೆಟ್‌ಗಳ ಲೆಕ್ಕ ಇದು ಎಂದು ಹಲವರು ತಿಳಿಯುತ್ತಾರೆ. ಅಲ್ಲ. ಎಣಿಸುವ ಭಾಗಕ್ಕೆ ಪುರುಸೊತ್ತಿಲ್ಲದೆ ಪ್ಯಾಕೆಟ್ ತಪ್ಪಿಹೋದ ಸಂದರ್ಭ ಎಷ್ಟು ಸಲ ಬಂತು ಎಂಬ ಲೆಕ್ಕ ಅದು.

ಇನ್ನು ಬ್ರಾಡ್‌ಕಾಸ್ಟ್ ಪ್ಯಾಕೆಟ್, ಅಂದರೆ ನೆಟ್‌ವರ್ಕ್‌ನ ಎಲ್ಲರಿಗೂ ಹೋಗುವ ಪ್ಯಾಕೆಟ್. ನನ್ನ ಮಟ್ಟಿಗೆ ಇಡೀ ಪಟ್ಟಿಯಲ್ಲಿ ಅತಿ ಬೆಲೆಯುಳ್ಳ ಅಂಕಿ ಇದೇ. ಎಲ್ಲೋ ಯಾರೋ ಒಂದು ಕೇಬಲ್‌ನ ಎರಡೂ ತುದಿಗಳನ್ನು ಒಂದೇ ನೆಟ್‌ವರ್ಕ್‌ಗೆ ಚುಚ್ಚಿ ಲೂಪ್ ಮಾಡಿದರೆ ಮೊದಲು ಚಿಮ್ಮುವ ಸಂಖ್ಯೆ ಇದು.

ಹಂತ 3: ಒಂದು ವಾರದ ಹಿಸ್ಟರಿ

ಪ್ರತಿ ಮುಖ್ಯ ಪೋರ್ಟ್‌ಗೂ ಎರಡು ಹಿಸ್ಟರಿ ಇಡಿ. ಒಂದು 30 ಸೆಕೆಂಡಿಗೊಮ್ಮೆ, ಇನ್ನೊಂದು 1800 ಸೆಕೆಂಡಿಗೊಮ್ಮೆ. ಈ ಜೋಡಿಯನ್ನು ಆರ್‌ಎಫ್‌ಸಿಯೇ ಸೂಚಿಸುತ್ತದೆ. ಒಂದೊಂದು ಅಳತೆ ಒಂದೊಂದು ಬಕೆಟ್‌ಗೆ ಬೀಳುತ್ತದೆ. ಬಕೆಟ್‌ಗಳು ತುಂಬಿದ ಮೇಲೆ ಹಳೆಯದು ಅಳಿದು ಹೊಸದು ಬರುತ್ತದೆ. 50 ಬಕೆಟ್ ಇಟ್ಟರೆ ಮೊದಲನೆಯದು 25 ನಿಮಿಷದ ಕತೆ ಹೇಳುತ್ತದೆ, ಎರಡನೆಯದು 25 ಗಂಟೆಯ ಕತೆ.

ಒಂದು ವಾರ ಹಿಡಿಸಬೇಕಾದರೆ ಅರ್ಧ ಗಂಟೆಯ ಲೆಕ್ಕದಲ್ಲಿ 336 ಬಕೆಟ್ ಬೇಕು. ನೀವು ಕೇಳಿದಷ್ಟನ್ನೂ ಸ್ವಿಚ್ ಕೊಡಲೇಬೇಕೆಂದಿಲ್ಲ. ಮೆಮೊರಿ ನೋಡಿಕೊಂಡು ಕಡಿಮೆ ಕೊಡಬಹುದು. ಎಷ್ಟು ಸಿಕ್ಕಿತು ಎಂದು ತಿರುಗಿ ಓದಿ. ರೀಬೂಟ್ ಆದರೆ ಇದೆಲ್ಲ ಅಳಿಸಿಯೂ ಹೋಗುತ್ತದೆ. ಹಾಗಾಗಿ ನಾನು ಸ್ವಿಚ್ ಮೇಲೆ ಭಾರ ಹಾಕುವುದಿಲ್ಲ. 50 ಬಕೆಟ್‌ಗಳಲ್ಲೇ ಇಟ್ಟು, ಒಂದು ಸಣ್ಣ ಸ್ಕ್ರಿಪ್ಟ್‌ನಿಂದ 1.3.6.1.2.1.16.2.2.1 ಟೇಬಲ್ ಅನ್ನು 20 ನಿಮಿಷಕ್ಕೊಮ್ಮೆ ಫೈಲ್‌ಗೆ ಇಳಿಸಿಕೊಳ್ಳುತ್ತೇನೆ. 25 ನಿಮಿಷ ತುಂಬುವ ಮೊದಲೇ ಇಳಿಸುವುದರಿಂದ ಯಾವ ಬಕೆಟ್ ಕೂಡ ತಪ್ಪುವುದಿಲ್ಲ.

ಈ ಟೇಬಲ್‌ನ 7ನೇ ಕಾಲಂ ಬ್ರಾಡ್‌ಕಾಸ್ಟ್, 9ನೇ ಕಾಲಂ ಸಿಆರ್‌ಸಿ, 15ನೇ ಕಾಲಂ ಬಳಕೆಯ ಪ್ರಮಾಣ. ಬಳಕೆ ಇಲ್ಲಿ ಶೇಕಡಾದ ನೂರನೇ ಭಾಗದಲ್ಲಿ ಬರುತ್ತದೆ. 4200 ಎಂದು ಕಂಡರೆ ಶೇ 42 ಎಂದು ಓದಿ.

ವಾರ ಮುಗಿದ ಮೇಲೆ ಪ್ರತಿ ಪೋರ್ಟ್‌ಗೆ ಮೂರು ವಿಷಯ ಬರೆದುಕೊಳ್ಳಿ. ಕೆಲಸದ ಹೊತ್ತಿನಲ್ಲಿ ಸಾಮಾನ್ಯ ಬಳಕೆ ಎಷ್ಟು? ಅತಿ ಎತ್ತರದ 30 ಸೆಕೆಂಡ್ ಯಾವುದು, ಆಗ ಏನು ನಡೆಯುತ್ತಿತ್ತು? ಬ್ರಾಡ್‌ಕಾಸ್ಟ್ ಎಲ್ಲಿಯವರೆಗೆ ಹೋಗಿತ್ತು? ಎರಡನೇ ಪ್ರಶ್ನೆಗೆ ಬಹಳ ಸಲ ಸಿಗುವ ಉತ್ತರ ರಾತ್ರಿಯ ಬ್ಯಾಕಪ್. ಬ್ಯಾಕಪ್ ಹೊತ್ತಿನಲ್ಲಿ ಲಿಂಕ್ ತುಂಬಿದರೆ ಅದು ತೊಂದರೆಯಲ್ಲ, ಲಿಂಕ್ ಸರಿಯಾಗಿ ದುಡಿಯುತ್ತಿದೆ ಅಷ್ಟೇ. ಅಂಥ ಪೋರ್ಟ್‌ಗೆ ಟ್ರಾಫಿಕ್ ಅಲಾರ್ಮ್ ಹಾಕದಿರುವುದೇ ಒಳ್ಳೆಯದು, ಎರರ್ ಅಲಾರ್ಮ್ ಸಾಕು.

ಹಂತ 4: ಈವೆಂಟ್

ಇದು ಚಿಕ್ಕ ಕೆಲಸ. ಮಿತಿ ದಾಟಿದಾಗ ಏನು ಮಾಡಬೇಕು ಎಂದು ಹೇಳುವುದೇ ಈವೆಂಟ್: ಸುಮ್ನೆ ಇರುವುದು, ಲಾಗ್ ಬರೆಯುವುದು, ಟ್ರ್ಯಾಪ್ (ಸ್ವಿಚ್ ತಾನಾಗಿ ಸರ್ವರ್‌ಗೆ ಕಳಿಸುವ ಎಚ್ಚರಿಕೆಯ ಸಂದೇಶ) ಕಳಿಸುವುದು ಅಥವಾ ಲಾಗ್ ಮತ್ತು ಟ್ರ್ಯಾಪ್ ಎರಡೂ. ಯಾವಾಗಲೂ ಎರಡನ್ನೂ ಆರಿಸಿ. ಕಾರಣ ಮುಂದೆ ಗೊತ್ತಾಗುತ್ತದೆ. ಏರಿದಾಗ ಒಂದು, ಇಳಿದಾಗ ಒಂದು, ಹೀಗೆ ಎರಡು ಈವೆಂಟ್ ಮಾಡಿಕೊಳ್ಳಿ. ವಿವರಣೆಯಲ್ಲಿ "ಟ್ರಾಫಿಕ್ ಜಾಸ್ತಿ" ಎಂದಷ್ಟೇ ಬರೆಯಬೇಡಿ. ಅದು ಯಾವ ಬಗೆಯ ಅಲಾರ್ಮ್, ಏರಿದ್ದೋ ಇಳಿದದ್ದೋ ಎಂಬುದು ಒಂದೇ ಸಾಲಿನಲ್ಲಿ ತಿಳಿಯಬೇಕು. ನಡುರಾತ್ರಿ ಆ ಸಾಲನ್ನು ಓದುವವರು ನೀವೇ ಆಗಿರಬೇಕೆಂದಿಲ್ಲ.

ಹಂತ 5: ಅಲಾರ್ಮ್

ಹೆಚ್ಚಿನವರು ಎಡವುವುದು ಇಲ್ಲೇ. ಒಂದು ಅಲಾರ್ಮ್‌ಗೆ ಬೇಕಾದದ್ದು ಇಷ್ಟು: ಯಾವ ಓಐಡಿ, ಎಷ್ಟು ಸೆಕೆಂಡಿಗೊಮ್ಮೆ ನೋಡಬೇಕು, ಅಳತೆ ಯಾವ ಬಗೆಯದು, ಮೇಲಿನ ಮಿತಿ ಎಷ್ಟು, ಕೆಳಗಿನ ಮಿತಿ ಎಷ್ಟು, ಯಾವುದಕ್ಕೆ ಯಾವ ಈವೆಂಟ್.

ಅಳತೆಯಲ್ಲಿ ಎರಡು ಬಗೆ. ಆಬ್ಸೊಲ್ಯೂಟ್ ಎಂದರೆ ಈಗ ಇರುವ ಸಂಖ್ಯೆ. ಡೆಲ್ಟಾ ಎಂದರೆ ಹಿಂದಿನ ಸಲಕ್ಕಿಂತ ಎಷ್ಟು ಹೆಚ್ಚಿತು ಎಂಬುದು. ಬೈಟ್, ಪ್ಯಾಕೆಟ್, ಎರರ್ ಇವೆಲ್ಲ ಏರುತ್ತಲೇ ಹೋಗುವ ಕೌಂಟರ್‌ಗಳು. ಇವಕ್ಕೆ ಡೆಲ್ಟಾವೇ ಆಗಬೇಕು. ತಪ್ಪಿ ಆಬ್ಸೊಲ್ಯೂಟ್ ಹಾಕಿದರೆ ಅಲಾರ್ಮ್ ಒಂದು ಸಲ ಕೂಗಿ ಬಾಯಿ ಮುಚ್ಚುತ್ತದೆ. ಸುತ್ತಿ ಸೊನ್ನೆಗೆ ಬರುವ ತನಕ ಕೌಂಟರ್ ಕೆಳಗಿಳಿಯುವುದೇ ಇಲ್ಲವಲ್ಲ! ಸಿಪಿಯು ಬಳಕೆ, ಉಷ್ಣಾಂಶದಂಥ ಏರಿಳಿಯುವ ಅಂಕಿಗಳಿಗೆ ಮಾತ್ರ ಆಬ್ಸೊಲ್ಯೂಟ್ ಸರಿ.

ಮೇಲಿನ ಮತ್ತು ಕೆಳಗಿನ ಮಿತಿಗಳ ನಡುವೆ ಅಂತರ ಇರಲಿ. ಒಮ್ಮೆ ಮೇಲಿನ ಮಿತಿ ಮುಟ್ಟಿ ಅಲಾರ್ಮ್ ಬಂದರೆ, ಸಂಖ್ಯೆ ಕೆಳಗಿನ ಮಿತಿಯವರೆಗೆ ಇಳಿಯುವ ತನಕ ಮತ್ತೆ ಏರಿಕೆಯ ಅಲಾರ್ಮ್ ಬರುವುದಿಲ್ಲ. ಟ್ರಾಫಿಕ್ ಗಡಿಯಲ್ಲಿ ಕುಣಿಯುತ್ತಿದ್ದಾಗ ನಿಮ್ಮ ಇನ್‌ಬಾಕ್ಸ್ ತುಂಬದಂತೆ ಕಾಯುವ ಏರ್ಪಾಡು ಇದು. ಎರಡೂ ಮಿತಿಗಳನ್ನು ಹತ್ತಿರ ಹತ್ತಿರ ಇಟ್ಟರೆ ಈ ಅನುಕೂಲ ಕೈತಪ್ಪುತ್ತದೆ.

ಈಗ ಒಂದು ಗಿಗಾಬಿಟ್ ಅಪ್‌ಲಿಂಕ್‌ಗೆ ಲೆಕ್ಕ ಹಾಕೋಣ. ಸೆಕೆಂಡಿಗೆ 100 ಕೋಟಿ ಬಿಟ್ ಎಂದರೆ 12.5 ಕೋಟಿ ಬೈಟ್. ಎಷ್ಟು ಸೆಕೆಂಡಿಗೊಮ್ಮೆ ನೋಡಬೇಕು? 60 ಎನ್ನಲು ಮನಸ್ಸಾಗುತ್ತದೆ. ಆದರೆ ಎರಡು ಅಡ್ಡಿ ಇವೆ. ಒಂದು, 32 ಬಿಟ್ ಕೌಂಟರ್ 4294967296 ಮುಟ್ಟಿದ ಕೂಡಲೇ ಸೊನ್ನೆಗೆ ಮರಳುತ್ತದೆ. ತುಂಬಿದ ಗಿಗಾಬಿಟ್ ಲಿಂಕ್‌ನಲ್ಲಿ ಅದಕ್ಕೆ ಸುಮಾರು 34 ಸೆಕೆಂಡ್ ಸಾಕು. ಇನ್ನೊಂದು, ಆರ್‌ಮಾನ್ ಅಲಾರ್ಮ್‌ನ ಮಿತಿಗಳು 2147483647 ದಾಟುವಂತಿಲ್ಲ. ಅಂದರೆ ಸುಮಾರು 214 ಕೋಟಿ ಬೈಟ್. ಹಾಗಾಗಿ 15 ಸೆಕೆಂಡ್ ಇಡಿ. ಲಿಂಕ್ ಪೂರ್ತಿ ತುಂಬಿದರೂ 187.5 ಕೋಟಿ ಬೈಟ್ ಮಾತ್ರ ಆಗುತ್ತದೆ, ಗಡಿಯೊಳಗೇ ಇರುತ್ತದೆ. ಮೇಲಿನ ಮಿತಿ ಶೇ 80 ಎಂದರೆ 1500000000. ಕೆಳಗಿನ ಮಿತಿ ಶೇ 60 ಎಂದರೆ 1125000000. ಓಐಡಿ ಒಳಬರುವ ಬೈಟ್‌ಗಳಿಗೆ 1.3.6.1.2.1.2.2.1.10, ಹೊರಹೋಗುವುದಕ್ಕೆ 1.3.6.1.2.1.2.2.1.16, ಕೊನೆಯಲ್ಲಿ ನಿಮ್ಮ ಇಂಟರ್‌ಫೇಸ್ ಇಂಡೆಕ್ಸ್. ಎರಡು ದಿಕ್ಕಿಗೂ ಬೇರೆ ಬೇರೆ ಅಲಾರ್ಮ್ ಬೇಕು.

10 ಗಿಗಾಬಿಟ್ ಲಿಂಕ್‌ನಲ್ಲಿ ಅದೇ ಕೌಂಟರ್ ಮೂರೂವರೆ ಸೆಕೆಂಡಿಗೆ ಸುತ್ತುತ್ತದೆ. ಅಲ್ಲಿ ಬೈಟ್ ಲೆಕ್ಕವನ್ನು ಆರ್‌ಮಾನ್ ಅಲಾರ್ಮ್‌ಗೆ ಒಪ್ಪಿಸಬೇಡಿ. 64 ಬಿಟ್ ಕೌಂಟರ್‌ಗಳನ್ನು, ಅಂದರೆ 1.3.6.1.2.1.31.1.1.1.6 ಮತ್ತು 1.3.6.1.2.1.31.1.1.1.10 ಇವೆರಡನ್ನು, ಮಾನಿಟರಿಂಗ್ ಸರ್ವರ್‌ನಿಂದಲೇ ಓದಿಸಿ. ಎರರ್ ಮತ್ತು ಬ್ರಾಡ್‌ಕಾಸ್ಟ್‌ಗೆ ಆರ್‌ಮಾನ್ ಅಲ್ಲಿಯೂ ಚೆನ್ನಾಗಿಯೇ ದುಡಿಯುತ್ತದೆ.

ಸಿಆರ್‌ಸಿಗೆ ನಾನು ಇಡುವುದು 300 ಸೆಕೆಂಡ್, ಮೇಲಿನ ಮಿತಿ 10, ಕೆಳಗಿನ ಮಿತಿ 0. ಓಐಡಿ 1.3.6.1.2.1.16.1.1.1.8. ಇಲ್ಲಿ ಕೊನೆಯಲ್ಲಿ ಬರುವುದು ಇಂಟರ್‌ಫೇಸ್ ಇಂಡೆಕ್ಸ್ ಅಲ್ಲ, ಹಂತ 2ರಲ್ಲಿ ನೀವು ಕೊಟ್ಟ ಸ್ಟ್ಯಾಟಿಸ್ಟಿಕ್ಸ್ ಸಾಲಿನ ಸಂಖ್ಯೆ. ಇವೆರಡನ್ನು ಅದಲುಬದಲು ಮಾಡಿಕೊಳ್ಳುವುದು ಬಹಳ ಸುಲಭ.

ಬ್ರಾಡ್‌ಕಾಸ್ಟ್‌ಗೆ ಓಐಡಿ 1.3.6.1.2.1.16.1.1.1.6, ಅವಧಿ 30 ಸೆಕೆಂಡ್. ನಿಮ್ಮ ವಾರದ ಫೈಲ್‌ನಲ್ಲಿ ಅತಿ ಹೆಚ್ಚು ಎಂದರೆ 600 ಕಂಡಿದ್ದರೆ ಮಿತಿ 3000 ಇಡಬಹುದು. ಧಾರಾಳವಾಗಿಯೇ ಇಡಿ. ಲೂಪ್ ಆದರೆ ಸಂಖ್ಯೆ ಎರಡು ಪಟ್ಟು, ಮೂರು ಪಟ್ಟು ಆಗಿ ನಿಲ್ಲುವುದಿಲ್ಲ. 64 ಬೈಟ್ ಫ್ರೇಮ್‌ಗಳಾದರೆ ಗಿಗಾಬಿಟ್ ಪೋರ್ಟ್‌ನಲ್ಲಿ ಸೆಕೆಂಡಿಗೆ 14.88 ಲಕ್ಷದವರೆಗೆ ಹೋಗಬಲ್ಲದು. 3000 ಇರಲಿ 10000 ಇರಲಿ, ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ದಾಟುತ್ತದೆ.

ಇನ್ನೊಂದು ಅಲಾರ್ಮ್ ಬಗ್ಗೆ ಹೇಳಲೇಬೇಕು. ಟ್ರಾಫಿಕ್ ಜಾಸ್ತಿ ಆದಾಗ ಕೂಗುವುದನ್ನು ಎಲ್ಲರೂ ಹಾಕುತ್ತಾರೆ. ನಿಂತುಹೋದಾಗ ಕೂಗುವುದನ್ನು ಮರೆಯುತ್ತಾರೆ. ಒಂದು ಕ್ಯಾಮೆರಾ ಪೋರ್ಟ್ ಇದೆ ಎಂದುಕೊಳ್ಳಿ. ಸದಾ ಸುಮಾರು 4 ಮೆಗಾಬಿಟ್ ಕಳಿಸುತ್ತದೆ. ನಿಮಿಷಕ್ಕೆ 3 ಕೋಟಿ ಬೈಟ್ ಆಯಿತು. ಕ್ಯಾಮೆರಾದ ಸಾಫ್ಟ್‌ವೇರ್ ಹೆಪ್ಪುಗಟ್ಟಿದರೆ ಲಿಂಕ್ ದೀಪ ಉರಿಯುತ್ತಲೇ ಇರುತ್ತದೆ. ಲಿಂಕ್ ಡೌನ್ ಟ್ರ್ಯಾಪ್ ಬರುವುದಿಲ್ಲ, ಚಿತ್ರವೂ ಬರುವುದಿಲ್ಲ. 60 ಸೆಕೆಂಡಿಗೆ ಕೆಳಗಿನ ಮಿತಿ 30 ಲಕ್ಷ, ಮೇಲಿನ ಮಿತಿ 1.5 ಕೋಟಿ ಇಟ್ಟರೆ, ಇಳಿಕೆಯ ಈವೆಂಟ್ ನಿಮ್ಮನ್ನು ಕರೆಯುತ್ತದೆ.

ಸ್ಟಾರ್ಟಪ್ ಅಲಾರ್ಮ್ ಎಂಬ ಆಯ್ಕೆ ಇದ್ದರೆ ಏರಿಕೆಗೆ ಕಾಯುವವಕ್ಕೆ "ರೈಸಿಂಗ್" ಎಂದು, ಕ್ಯಾಮೆರಾದಂಥವಕ್ಕೆ "ಫಾಲಿಂಗ್" ಎಂದು ಕೊಡಿ. ಇಲ್ಲದಿದ್ದರೆ ಅಲಾರ್ಮ್ ಹಾಕಿದ ಕೂಡಲೇ, ಸ್ವಿಚ್ ಆನ್ ಆದಾಗಲೆಲ್ಲ, ಬೇಡದ ಇಳಿಕೆಯ ಸಂದೇಶಗಳು ಸಾಲುಗಟ್ಟುತ್ತವೆ.

ಎಲ್ಲ ಮುಗಿದ ಮೇಲೆ ಕಾನ್ಫಿಗರೇಶನ್ ಸೇವ್ ಮಾಡಿ. ಎಸ್‌ಎನ್‌ಎಂಪಿ ಮೂಲಕ ದೂರದಿಂದ ಬರೆದ ಸಾಲುಗಳು ಹಲವು ಸ್ವಿಚ್‌ಗಳಲ್ಲಿ ರೀಬೂಟ್ ಆದ ಮೇಲೆ ಉಳಿಯುವುದಿಲ್ಲ. ಕಮಾಂಡ್ ಲೈನ್‌ನಲ್ಲಿ ಬರೆದು ಉಳಿಸುವುದೇ ಭದ್ರ.

ಹಂತ 6: ಕರೆ ಕೇಳಿಸಿಕೊಳ್ಳುವವರು

ಟ್ರ್ಯಾಪ್ ಹೋಗುವುದು ಸರ್ವರ್‌ನ ಯುಡಿಪಿ ಪೋರ್ಟ್ 162ಕ್ಕೆ (ಇದು ತಂತಿ ಚುಚ್ಚುವ ಪೋರ್ಟ್ ಅಲ್ಲ). ನೀವು ಸ್ವಿಚ್ ಅನ್ನು ಕೇಳುವುದು ಯುಡಿಪಿ 161ರಲ್ಲಿ. ಫೈರ್‌ವಾಲ್‌ನಲ್ಲಿ ಎರಡನ್ನೂ ಬಿಡಬೇಕು, ಅದೂ ಎದುರುಬದುರು ದಿಕ್ಕಿನಲ್ಲಿ. ದೊಡ್ಡ ಸಾಫ್ಟ್‌ವೇರ್ ಇನ್ನೂ ಇಲ್ಲದಿದ್ದರೆ ಲಿನಕ್ಸ್‌ನಲ್ಲಿ ನೆಟ್-ಎಸ್‌ಎನ್‌ಎಂಪಿ ಜೊತೆ ಬರುವ ಟ್ರ್ಯಾಪ್ ಸ್ವೀಕರಿಸುವ ಪ್ರೋಗ್ರಾಂನಿಂದಲೇ ಶುರುಮಾಡಿ. ಏರಿಕೆಯ ಟ್ರ್ಯಾಪ್ 1.3.6.1.2.1.16.0.1 ಎಂದು, ಇಳಿಕೆಯದು 1.3.6.1.2.1.16.0.2 ಎಂದು ಬರುತ್ತದೆ. ಅದರೊಳಗೆ ಅಲಾರ್ಮ್ ಸಂಖ್ಯೆ, ಓಐಡಿ, ಅಳತೆಯ ಬಗೆ, ಕಂಡ ಬೆಲೆ, ಮಿತಿ ಎಲ್ಲವೂ ಇರುತ್ತವೆ.

ಟ್ರ್ಯಾಪ್‌ಗೆ ಉತ್ತರ ಬರುವ ವ್ಯವಸ್ಥೆ ಇಲ್ಲ. ದಾರಿಯಲ್ಲಿ ಕಳೆದುಹೋದರೆ ಹೋಯಿತು. ಸ್ವಿಚ್‌ನಲ್ಲಿ ಇನ್ಫಾರ್ಮ್ ಎಂಬ ಬಗೆ ಇದ್ದರೆ ಅದನ್ನೂ ನೋಡಿ. ಅಲ್ಲಿ ಉತ್ತರ ಬಾರದಿದ್ದರೆ ಸ್ವಿಚ್ ಮತ್ತೆ ಕಳಿಸುತ್ತದೆ. ಆದರೂ ಬ್ರಾಡ್‌ಕಾಸ್ಟ್ ಬಿರುಗಾಳಿ ಎದ್ದಾಗ ಅಪ್‌ಲಿಂಕ್ ಉಸಿರುಗಟ್ಟಿರುತ್ತದೆ. ಟ್ರ್ಯಾಪ್ ಹೋಗಬೇಕಾದದ್ದೂ ಅದೇ ದಾರಿಯಲ್ಲಿ. ಸಾಧ್ಯವಿದ್ದರೆ ಪ್ರತ್ಯೇಕ ಮ್ಯಾನೇಜ್‌ಮೆಂಟ್ ಪೋರ್ಟ್‌ನಿಂದ ಕಳಿಸಿ. ಲಾಗ್ ಮತ್ತು ಟ್ರ್ಯಾಪ್ ಎರಡೂ ಇರಲಿ ಎಂದದ್ದು ಇದಕ್ಕೇ. ಕರೆ ತಲುಪದಿದ್ದರೂ ಬಿರುಗಾಳಿ ನಿಂತ ಮೇಲೆ ಸ್ವಿಚ್‌ನ ಲಾಗ್‌ನಲ್ಲಿ ಹೊತ್ತು ಗೊತ್ತು ಸಿಗುತ್ತದೆ.

ಸ್ವಿಚ್‌ಗೆ ಕರೆಂಟೇ ಹೋದರೆ ಅದು ಯಾರನ್ನೂ ಕರೆಯಲಾರದು. ಆದ್ದರಿಂದ ಪೋಲಿಂಗ್, ಅಂದರೆ ಸರ್ವರ್ ಆಗಾಗ ಕೇಳುವುದನ್ನು, ಪೂರ್ತಿ ಬಿಡಬೇಡಿ. ಸರ್ವರ್‌ನಿಂದ ಐದು ನಿಮಿಷಕ್ಕೊಮ್ಮೆ 1.3.6.1.2.1.1.3.0 ಒಂದನ್ನಾದರೂ ಕೇಳಿಸಿ. ಸ್ವಿಚ್ ಎಷ್ಟು ಹೊತ್ತಿನಿಂದ ಎದ್ದಿದೆ ಎಂಬ ಲೆಕ್ಕ ಅದು, ಸೆಕೆಂಡಿನ ನೂರನೇ ಭಾಗದಲ್ಲಿ. ಉತ್ತರ ಬಾರದಿದ್ದರೆ ಸ್ವಿಚ್ ಅಥವಾ ದಾರಿ ಸತ್ತಿದೆ. ಸಂಖ್ಯೆ ಹಿಂದೆ ಸರಿದಿದ್ದರೆ ರೀಬೂಟ್ ಆಗಿದೆ. ಒಂದು ವಿನಾಯಿತಿ ಉಂಟು: ಸುಮಾರು 497 ದಿನಕ್ಕೆ ಈ ಕೌಂಟರ್ ಕೂಡ ಸುತ್ತಿ ಸೊನ್ನೆಗೆ ಬರುತ್ತದೆ.

ಹಂತ 7: ಬೇಕೆಂದೇ ಕೂಗಿಸಿ ನೋಡಿ

ಪರೀಕ್ಷೆ ಮಾಡದ ಅಲಾರ್ಮ್ ಅನ್ನು ನಂಬಬೇಡಿ. ನಾನು ನೋಡಿಕೊಳ್ಳುತ್ತಿದ್ದ ಒಂದು ಸ್ವಿಚ್‌ನಲ್ಲಿ ಎಲ್ಲ ಸರಿಯಾಗಿ ಬರೆದಿತ್ತು. ಟ್ರ್ಯಾಪ್ ಮಾತ್ರ ಬೇರೆ ಇಂಟರ್‌ಫೇಸ್‌ನ ವಿಳಾಸದಿಂದ ಹೊರಡುತ್ತಿತ್ತು. ಸರ್ವರ್ ಅದನ್ನು ಅಪರಿಚಿತ ಎಂದು ಎಸೆಯುತ್ತಿತ್ತು. ತಿಂಗಳುಗಟ್ಟಲೆ ಎಲ್ಲ ಶಾಂತವಾಗಿದೆ ಎಂದುಕೊಂಡಿದ್ದೆವು. ಆ ಹೊತ್ತಿಗೆ ಒಂದು ಆಪ್ಟಿಕಲ್ ಕೊಂಡಿ ನಿಧಾನವಾಗಿ ಹಾಳಾಗುತ್ತಿತ್ತು.

ಸುಲಭದ ಪರೀಕ್ಷೆ ಇದು. ಮೇಲಿನ ಮಿತಿಯನ್ನು ತಾತ್ಕಾಲಿಕವಾಗಿ ತುಂಬಾ ಕೆಳಗೆ, 1000 ಬೈಟ್‌ಗೆ ಇಳಿಸಿ. ಕೆಳಗಿನ ಮಿತಿಯನ್ನೂ ಅದಕ್ಕಿಂತ ಕಡಿಮೆ ಮಾಡಿ. ಒಂದೆರಡು ಅವಧಿಯೊಳಗೆ ಸ್ವಿಚ್‌ನ ಲಾಗ್‌ನಲ್ಲಿ ಒಂದು ಸಾಲು, ಸರ್ವರ್‌ನಲ್ಲಿ ಒಂದು ಟ್ರ್ಯಾಪ್, ಕೊನೆಗೆ ನಿಮ್ಮ ಫೋನ್‌ಗೆ ಒಂದು ಸಂದೇಶ, ಮೂರೂ ಬರಬೇಕು. ಲಾಗ್ ಇದ್ದು ಟ್ರ್ಯಾಪ್ ಇಲ್ಲದಿದ್ದರೆ ಸರ್ವರ್‌ನಲ್ಲಿ ಟಿಸಿಪಿಡಂಪ್ (ಬರುವ ಪ್ಯಾಕೆಟ್‌ಗಳನ್ನು ತೋರಿಸುವ ಪ್ರೋಗ್ರಾಂ) ಹಾಕಿ 162ಕ್ಕೆ ಏನಾದರೂ ಬರುತ್ತಿದೆಯೇ ನೋಡಿ. ಬರುತ್ತಿದ್ದರೆ ತಪ್ಪು ಸರ್ವರ್‌ನ ಕಡೆ: ಹೆಸರು, ಪಾಸ್‌ವರ್ಡ್, ವಿಳಾಸದ ಸೋಸುವಿಕೆ. ಬರದಿದ್ದರೆ ದಾರಿಯ ಫೈರ್‌ವಾಲ್ ಅಥವಾ ಸ್ವಿಚ್‌ನ ಟ್ರ್ಯಾಪ್ ಸೆಟ್ಟಿಂಗ್. ಮಿತಿಯನ್ನು ಮೊದಲಿನ ಸಂಖ್ಯೆಗೆ ಮರಳಿಸುವುದನ್ನು ಮರೆಯಬೇಡಿ. ನಿಜವಾದ ಹೊರೆ ಹಾಕಿ ನೋಡಬೇಕೆಂದರೆ ಐಪರ್ಫ್ ಎಂಬ ಪ್ರೋಗ್ರಾಂ ಇದೆ. ಆದರೆ ಜನ ಕೆಲಸ ಮಾಡುವ ಹೊತ್ತಿನಲ್ಲಿ ಬೇಡ.

ಅಲಾರ್ಮ್ ಬಂದ ಮೇಲೆ

30 ಸೆಕೆಂಡಿನ ಹಿಸ್ಟರಿ 25 ನಿಮಿಷ ಮಾತ್ರ ಉಳಿಯುತ್ತದೆ, ನೆನಪಿದೆಯಾ? ಹಾಗಾಗಿ ಮೊದಲ ಕೆಲಸ ಅದನ್ನು ಫೈಲ್‌ಗೆ ಇಳಿಸಿಕೊಳ್ಳುವುದು. ಟ್ರ್ಯಾಪ್ ಬಂದ ತಕ್ಷಣ ಸರ್ವರ್ ತಾನಾಗಿಯೇ ಇಳಿಸಿಕೊಳ್ಳುವಂತೆ ಸ್ಕ್ರಿಪ್ಟ್ ಜೋಡಿಸಿದರೆ ಇನ್ನೂ ಚೆನ್ನ. ಆಮೇಲೆ ನೋಡಿ: ಟ್ರಾಫಿಕ್ ಜೊತೆ ಎರರ್ ಕೂಡ ಏರಿತೇ, ಬ್ರಾಡ್‌ಕಾಸ್ಟ್ ಏರಿತೇ, ಅದೇ ಹೊತ್ತಿಗೆ ಬೇರೆ ಪೋರ್ಟ್‌ನಲ್ಲಿ ಏನಾಯಿತು?

ಎಷ್ಟು ಟ್ರಾಫಿಕ್ ಎಂದು ಈ ನಾಲ್ಕು ಗುಂಪುಗಳು ಹೇಳುತ್ತವೆ, ಯಾರದ್ದು ಎಂದು ಹೇಳುವುದಿಲ್ಲ. ಅದಕ್ಕೆ ಯಾರು ಯಾರಿಗೆ ಕಳಿಸಿದರು ಎಂದು ತೋರಿಸುವ ಎಸ್‌ಫ್ಲೋ ಅಥವಾ ನೆಟ್‌ಫ್ಲೋ ಬೇಕು. ಇಲ್ಲವೇ ಪೋರ್ಟ್ ಮಿರರಿಂಗ್ ಮಾಡಿ, ಅಂದರೆ ಆ ಪೋರ್ಟ್‌ನ ಟ್ರಾಫಿಕ್‌ನ ನಕಲನ್ನು ಇನ್ನೊಂದು ಪೋರ್ಟ್‌ಗೆ ಕಳಿಸಿ, ವೈರ್‌ಶಾರ್ಕ್ ಎಂಬ ಪ್ರೋಗ್ರಾಂನಲ್ಲಿ ನೋಡಬೇಕು. ಯಾವ ಪೋರ್ಟ್, ಯಾವ ಹೊತ್ತು ಎಂದು ಆರ್‌ಮಾನ್ ತೋರಿಸಿಕೊಟ್ಟ ಮೇಲೆ ಆ ಹುಡುಕಾಟ ಬಹಳ ಚಿಕ್ಕದಾಗುತ್ತದೆ.

ಲಿಂಕ್‌ನ ವೇಗ ಬದಲಿಸಿದ ದಿನವೇ ಮಿತಿಗಳನ್ನೂ ಬದಲಿಸಿ. ಎರಡು ಗಿಗಾಬಿಟ್ ಪೋರ್ಟ್ ಸೇರಿಸಿ ಒಂದು ಗುಂಪು ಮಾಡಿದರೂ ಅಷ್ಟೇ: ಹೊರೆ ಎರಡು ತಂತಿಗಳಿಗೆ ಹಂಚಿಹೋಗುತ್ತದೆ, ಹಳೆಯ 150 ಕೋಟಿ ಮಿತಿ ಒಂದು ತಂತಿಯನ್ನು ಮಾತ್ರ ಕಾಯುತ್ತಿರುತ್ತದೆ. ಎರಡಕ್ಕೂ ಅಲಾರ್ಮ್ ಹಾಕಿ, ಮತ್ತೆ ಒಂದು ವಾರ ಹಿಸ್ಟರಿ ನೋಡಿ, ಆಮೇಲೆ ಹೊಸ ಸಂಖ್ಯೆ ಬರೆಯಿರಿ.